ಹದಿಮೂರನೆಯ ಗಾಡ್ಜಿಲ್ಲಾ: ಒಂದು ಕೆಟ್ಟ ಚಿತ್ರದ ಪರವಾಗಿ

ಕಳೆದ ವರ್ಷದ ವಾರ್ಷಿಕ ಸಂಚಿಕೆಯಲ್ಲಿ ನನ್ನ ಹಿರಿಯ ಮಿತ್ರರೊಬ್ಬರು ಉತ್ತಮ ಚಲಚ್ಚಿತ್ರದ ಲಕ್ಷಣಗಳನ್ನು ಕುರಿತು ವಿದ್ವತ್ಪೂರ್ಣವಾದ ಲೇಖನವೊಂದನ್ನು ಬರೆದಿದ್ದರು. ಅದನ್ನು ಓದಿ ನಾನು ಬಹಳ ಉಪಕೃತನಾದೆ. ಆದರೆ ಲೇಖನದ ಕೊನೆಯಲ್ಲಿ ಅವರು, ಅಧಮ ಚಿತ್ರಗಳನ್ನು ನೋಡುವುದು ಒಂದು ವ್ಯಸನವೆಂದೂ, ವಿದ್ಯಾವಂತನಾದವನು ಅವುಗಳಿಂದ ದೂರವಿರತಕ್ಕದ್ದೆಂದೂ ಅಪ್ಪಣೆ ಕೊಡಿಸಿಬಿಟ್ಟರು. ಅಂದಿನಿಂದ ನನ್ನ ಮನಸ್ಸಿಗೆ ನೆಮ್ಮದಿಯಿಲ್ಲ. ಏಕೆಂದರೆ ಈ ಕಾಲೇಜಿಗೆ ಬಂದ ಮೇಲೆ ನಾನು ಅತ್ಯಂತ ಹೆಚ್ಚು ಸಾರಿ ನೋಡಿರುವುದು ಒಂದು ಅಧಮ ಚಿತ್ರವನ್ನೇ. ಒಂದಲ್ಲ, ಎರಡಲ್ಲ, ಐದು ಸಾರಿ. ನಾಲ್ಕು ಸಾರಿ ಹಾಸ್ಟೆಲಿನಲ್ಲಿ ಮಿತ್ರರೊಡನೆ, ಒಂದು ಸಾರಿ ಊರಿನಲ್ಲಿ ನಮ್ಮ ಅಪ್ಪನೊಡನೆ. ಆ ಐದನೆಯ ಸಾರಿಯ ಕಾರಣದಿಂದಲೇ ಈ ನಾಲ್ಕು ಮಾತು ಬರೆಯಬೇಕಾಗಿ ಬಂದಿದೆ.

ಚಿತ್ರದ ಹೆಸರು ‘ಗಾಡ್ಜಿಲ್ಲಾ ವಿರುದ್ಧ ಮೆಗಾಲಾನ್’. ಜಪಾನಿನ ತೊಹೊ ಸಂಸ್ಥೆಯವರು 1973ರ ಮಾರ್ಚ್ ತಿಂಗಳಲ್ಲಿ ತೆರೆಗೆ ತಂದದ್ದು. ಗಾಡ್ಜಿಲ್ಲಾ ಎಂಬ ದೈತ್ಯಜಂತುವನ್ನು ಕುರಿತ ಸರಣಿಯಲ್ಲಿ ಇದು ಹದಿಮೂರನೆಯದು. ನಿರ್ದೇಶಕರು ಜುನ್ ಫುಕುದಾ. ದೈತ್ಯರ ಕಾಳಗ, ನಗರಗಳ ವಿಧ್ವಂಸ ಮುಂತಾದ ವಿಶೇಷ ದೃಶ್ಯಗಳ ಹೊಣೆ ಹೊತ್ತವರು ತೆರುಯೋಶಿ ನಕಾನೊ. ಚಿತ್ರ ಒಂದು ಗಂಟೆ ಇಪ್ಪತ್ತು ನಿಮಿಷಗಳಷ್ಟು. ಇಷ್ಟರಲ್ಲಿಯೇ ಮುಗಿಯುತ್ತದೆಂಬುದು ಅದರ ಗುಣಗಳಲ್ಲೊಂದೆಂದು ನಮ್ಮ ಹಾಸ್ಟೆಲಿನ ಅಭಿಪ್ರಾಯ.

ಕಥೆಯನ್ನು ಹೇಳಿಬಿಡುತ್ತೇನೆ, ಇದರಲ್ಲಿ ಗುಟ್ಟು ಕೆಡುವಂಥದೇನೂ ಇಲ್ಲ. ನೆಲದಡಿಯಲ್ಲಿ ಒಂದು ಅಣುಪರೀಕ್ಷೆ ನಡೆಯುತ್ತದೆ. ಅದರ ಹೊಡೆತಕ್ಕೆ ದೈತ್ಯಜಂತುಗಳೆಲ್ಲ ವಾಸವಾಗಿರುವ ದ್ವೀಪ ಬಿರಿಯುತ್ತದೆ. ದೂರದ ಒಂದು ಕೆರೆಯಲ್ಲಿ, ಮೀನಿನ ಆಕಾರದ ತುಳಿದೋಣಿಯಲ್ಲಿ ಕುಳಿತು ಆಡುತ್ತಿದ್ದ ಹುಡುಗನ ಕಣ್ಣೆದುರಿಗೇ ಕೆರೆಯ ನೀರು ಸುಳಿಗಟ್ಟಿ ಇಂಗಿಹೋಗುತ್ತದೆ. ಹುಡುಗನ ಅಣ್ಣ ಒಬ್ಬ ಯಂತ್ರಶಾಸ್ತ್ರಜ್ಞ. ಮನೆಯಲ್ಲಿಯೇ ಕುಳಿತು ಜೆಟ್ ಜಾಗ್ವಾರ್ ಎಂಬ ಯಂತ್ರಮಾನವನೊಬ್ಬನನ್ನು ಕಟ್ಟುತ್ತಿದ್ದಾನೆ. ಇತ್ತ ಸಮುದ್ರದ ಅಡಿಯಲ್ಲಿ ಸೀಟೋಪಿಯಾ ಎಂಬ ರಾಜ್ಯವಿದೆ. ಲಕ್ಷಾಂತರ ವರ್ಷಗಳ ಹಿಂದೆ ಮುಳುಗಿದ ಭೂಖಂಡದ ಜನ ಅಲ್ಲಿ ಸುಖವಾಗಿ ಬಾಳುತ್ತಿದ್ದಾರೆ. ಅಣುಪರೀಕ್ಷೆಯಿಂದ ಅವರ ನಗರದ ಒಂದು ಭಾಗ ಹಾಳಾಗುತ್ತದೆ. ಅವರ ಚಕ್ರವರ್ತಿ, ಆಂಟೊನಿಯೊ ಎಂಬಾತ, ಬಿಳಿಯ ಉತ್ತರೀಯವನ್ನು ಹೊದೆದು, ರೋಮಭರಿತವಾದ ಎದೆಯನ್ನು ತೋರಿಸುತ್ತ, ಮೇಲಿನ ಲೋಕದ ಮೇಲೆ ಸೇಡು ತೀರಿಸಿಕೊಳ್ಳಲು ತಮ್ಮ ದೇವರಾದ ಮೆಗಾಲಾನನ್ನು ಕಳುಹಿಸುತ್ತಾನೆ.

ಈ ದೇವರನ್ನು ವರ್ಣಿಸುವುದು ಕಷ್ಟ. ಒಂದು ಜೀರುಂಡೆ ಎದ್ದು ನಿಂತು ಮನುಷ್ಯನ ನಡಿಗೆಯನ್ನು ಕಲಿಯುತ್ತಿರುವಂತೆ ಭಾವಿಸಿಕೊಳ್ಳಿ. ಕೈಗಳ ಬದಲಿಗೆ ಬೋರ್‌ವೆಲ್ ಕೊರೆಯುವ ಯಂತ್ರದ ಮೂತಿಯಂತಹ ಎರಡು ಕೊರೆಗಳು. ಹಣೆಯ ಮೇಲಿನ ಕೊಂಬಿನಿಂದ ಮಿಂಚು, ಬಾಯಿಯಿಂದ ಬೆಂಕಿಯ ಉಂಡೆಗಳು. ನಡೆಯುವುದಕ್ಕಿಂತ ಕುಪ್ಪಳಿಸುವುದೇ ಹೆಚ್ಚು. ಅವನಿಗೆ ದಾರಿ ತೋರಿಸಲು ಸೀಟೋಪಿಯಾದ ಗೂಢಚಾರರು ಯಂತ್ರಮಾನವನನ್ನು ಕದಿಯುತ್ತಾರೆ. ನಾಯಕರನ್ನು ಲಾರಿಯ ಮೇಲಿನ ದೊಡ್ಡ ಪೆಟ್ಟಿಗೆಯಲ್ಲಿ ಕೂಡಿಹಾಕುತ್ತಾರೆ. ಆ ಪೆಟ್ಟಿಗೆಯನ್ನು ಸ್ವತಃ ಮೆಗಾಲಾನನೇ ಚೆಂಡಿನಂತೆ ಹೊಡೆದು ಹಾರಿಸುತ್ತಾನೆ. ಒಳಗಿದ್ದವರ ಕ್ರಾಪು ಕೂಡ ಕೆದರುವುದಿಲ್ಲ. ಮುಂದೆ ಯಂತ್ರಮಾನವ ಮತ್ತೆ ಒಡೆಯನ ಕೈವಶವಾಗಿ ಗಾಡ್ಜಿಲ್ಲಾನನ್ನು ಕರೆತರಲು ಹಾರಿಹೋಗುತ್ತಾನೆ. ಗಾಡ್ಜಿಲ್ಲಾ ಬರುತ್ತಾನೆ, ಬರುತ್ತಲೇ ಇರುತ್ತಾನೆ. ಅವನು ಈಜಿ ಮುಗಿಸುವುದರೊಳಗೆ ಹಾಸ್ಟೆಲಿನಲ್ಲಿ ಒಂದು ಸುತ್ತು ಚಹಾ ಆಗುತ್ತದೆ. ಅಷ್ಟರಲ್ಲಿ ಯಂತ್ರಮಾನವನು, ಯಾರೂ ಹೇಳಿಕೊಡದೆ, ತನ್ನ ಸಂಕಲ್ಪಬಲದಿಂದಲೇ ಪರ್ವತಾಕಾರವಾಗಿ ಬೆಳೆದುಬಿಡುತ್ತಾನೆ. ಹೇಗೆ ಬೆಳೆದನೆಂಬ ಪ್ರಶ್ನೆಗೆ ಚಿತ್ರದಲ್ಲಿ ಇಷ್ಟೇ ಉತ್ತರ: ಅವನಿಗೆ ಬೆಳೆಯಬೇಕೆನ್ನಿಸಿತು. ಸೀಟೋಪಿಯಾದವರು ನಕ್ಷತ್ರಲೋಕದಿಂದ ಗೈಗನ್ ಎಂಬ ಇನ್ನೊಬ್ಬ ದೈತ್ಯನನ್ನು ಎರವಲು ತರಿಸುತ್ತಾರೆ. ಆಮೇಲೆ ಬಯಲಿನಲ್ಲಿ ಇಬ್ಬರಿಗೆ ಇಬ್ಬರಂತೆ ಕುಸ್ತಿ.

ಈ ಕುಸ್ತಿಯ ಕೊನೆಯಲ್ಲಿ ಒಂದು ಅದ್ಭುತವಿದೆ. ಯಂತ್ರಮಾನವನು ಮೆಗಾಲಾನನನ್ನು ಹಿಂದಿನಿಂದ ಹಿಡಿದುಕೊಂಡಿರುತ್ತಾನೆ. ದೂರದಲ್ಲಿ ನಿಂತ ಗಾಡ್ಜಿಲ್ಲಾ ಓಡಿಬಂದು, ಬಾಲದ ಮೇಲೆ ಒರಗಿ, ಎರಡು ಕಾಲುಗಳನ್ನೂ ಮುಂದೆ ಚಾಚಿ, ಮಂಜುಗಡ್ಡೆಯ ಮೇಲೆ ಜಾರುವವನಂತೆ ನೆಲಕ್ಕೆ ಸಮಾಂತರವಾಗಿ ಜಾರಿಬಂದು ಶತ್ರುವಿನ ಎದೆಗೆ ಒದೆಯುತ್ತಾನೆ. ನ್ಯೂಟನ್ ಮಹಾಶಯನ ಮೂರು ನಿಯಮಗಳೂ ಏಕಕಾಲದಲ್ಲಿ ಮೂರ್ಛೆ ಹೋಗುತ್ತವೆ. ಇದು ಸಾಲದೆಂಬಂತೆ ಹಿಂದಕ್ಕೆ ಹೋಗಿ ಮತ್ತೊಮ್ಮೆ ಅದನ್ನೇ ಮಾಡುತ್ತಾನೆ. ಮೊದಲ ಸಾರಿ ನೋಡಿದಾಗ ನಮ್ಮ ಕೊಠಡಿಯ ನಗೆಗೆ ವಾರ್ಡನ್ನರೇ ಎದ್ದು ಬಂದರು. ಬಂದವರು ಎರಡನೆಯ ಒದೆಯನ್ನು ನೋಡಿಕೊಂಡೇ ಹೋದರೆಂಬುದನ್ನು ಇಲ್ಲಿ ಬರೆಯಬಾರದು, ಆದರೂ ಬರೆದಿದ್ದೇನೆ.

ಇಷ್ಟು ಹೇಳಿದ ಮೇಲೆ ಇದು ಒಳ್ಳೆಯ ಚಿತ್ರವೆಂದು ನಾನು ವಾದಿಸಲಾರೆ. ಕೆಲವರು ಹಾಗೆ ವಾದಿಸುವುದುಂಟು: ಅದರಲ್ಲಿ ಗೂಢಾರ್ಥವಿದೆ, ಅದೊಂದು ಹೊಸ ರಸ ಎಂದು. ನನಗೆ ಅದು ಕಾಣಲಿಲ್ಲ. ಚಿತ್ರ ಕೆಟ್ಟದ್ದೇ. ಆದರೆ ಹೇಗೆ ಕೆಟ್ಟಿತು, ಯಾವುದರಲ್ಲಿ ಕೆಟ್ಟಿತು ಎಂದು ಕೇಳದೆ ನಕ್ಕು ಎದ್ದುಹೋಗುವುದು ಸರಿಯೇ ಎಂಬುದು ನನ್ನ ಪ್ರಶ್ನೆ.

ಇದರ ಮೂಲವನ್ನು ನೋಡಿ. ಮೊದಲನೆಯ ಗಾಡ್ಜಿಲ್ಲಾ ಚಿತ್ರ 1954ರ ನವೆಂಬರ್ 3ರಂದು ಹೊರಬಂದಿತು. ನಿರ್ದೇಶಕರು ಇಶಿರೊ ಹೋಂಡಾ, ವಿಶೇಷ ದೃಶ್ಯಗಳು ಐಜಿ ತ್ಸುಬುರಾಯಾ ಅವರವು, ಸಂಗೀತ ಅಕಿರಾ ಇಫುಕುಬೆ ಅವರದು. ಜಪಾನೀ ಭಾಷೆಯಲ್ಲಿ ಆ ಜಂತುವಿನ ಹೆಸರು ಗೊಜಿರಾ. ಗೊರಿಲ್ಲಾ ಎಂಬ ಪದವನ್ನೂ, ತಿಮಿಂಗಿಲವೆಂಬ ಅರ್ಥದ ಕುಜಿರಾ ಎಂಬ ಪದವನ್ನೂ ಕೂಡಿಸಿ ಮಾಡಿದ ಹೆಸರು. ಅದೇ ವರ್ಷದ ಮಾರ್ಚ್ 1ರಂದು ಅಮೆರಿಕದವರು ಪೆಸಿಫಿಕ್ ಸಾಗರದ ಬಿಕಿನಿ ದ್ವೀಪವಲಯದಲ್ಲಿ ಜಲಜನಕ ಬಾಂಬನ್ನು ಸಿಡಿಸಿ ಪರೀಕ್ಷಿಸಿದ್ದರು. ಅದರ ಶಕ್ತಿ 15 ಮೆಗಾಟನ್. ಅಪಾಯದ ಗೆರೆಯ ಹೊರಗೆ ಮೀನು ಹಿಡಿಯುತ್ತಿದ್ದ ಜಪಾನಿನ ಒಂದು ದೋಣಿಯ ಮೇಲೆ ಬಿಳಿಯ ಬೂದಿ ಸುರಿಯಿತು. ದೋಣಿಯಲ್ಲಿದ್ದವರು 23 ಜನ. ಎಲ್ಲರಿಗೂ ವಿಕಿರಣದ ಕಾಯಿಲೆ ಹಿಡಿಯಿತು. ರೇಡಿಯೊ ನೋಡಿಕೊಳ್ಳುತ್ತಿದ್ದ ಐಕಿಚಿ ಕುಬೊಯಾಮಾ ಎಂಬುವರು ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಆ ದೋಣಿಯ ಹೆಸರು ‘ಅದೃಷ್ಟದ ಮಹಾನಾಗ 5’ ಎಂಬ ಅರ್ಥದ್ದು. ಹೆಸರಿಗೂ ಹಣೆಬರಹಕ್ಕೂ ಎಷ್ಟು ದೂರ!

ಹೋಂಡಾ ಅವರ ಚಿತ್ರವೂ ಸಮುದ್ರದಲ್ಲಿ ಒಂದು ದೋಣಿ ಬೆಳಕಿನ ಹೊಡೆತಕ್ಕೆ ಸಿಕ್ಕಿ ಮುಳುಗುವುದರಿಂದಲೇ ಆರಂಭವಾಗುತ್ತದೆ. ಜಪಾನಿನಲ್ಲಿ ಅಂದು ಅದನ್ನು ನೋಡಿದವರಿಗೆ ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ರೈಲಿನಲ್ಲಿ ಹೋಗುತ್ತಿರುವ ಒಬ್ಬ ತರುಣಿ, ನಾಗಸಾಕಿಯಿಂದ ಹೇಗೋ ಬದುಕಿ ಬಂದೆ, ಈಗ ಇದೊಂದು ಬಂತಲ್ಲ ಎಂದು ಮಾತಿನ ನಡುವೆ ಅಂದುಬಿಡುತ್ತಾಳೆ. ಉರಿಯುತ್ತಿರುವ ನಗರದಲ್ಲಿ ಒಬ್ಬ ತಾಯಿ ತನ್ನ ಮಕ್ಕಳನ್ನು ತಬ್ಬಿಕೊಂಡು, ಇನ್ನು ಸ್ವಲ್ಪ ಹೊತ್ತಿಗೆ ಅಪ್ಪನ ಹತ್ತಿರ ಹೋಗುತ್ತೇವೆಂದು ಸಮಾಧಾನ ಹೇಳುತ್ತಾಳೆ. ಆಸ್ಪತ್ರೆಯ ನೆಲದ ಮೇಲೆ ಗಾಯಾಳುಗಳು ಮಲಗಿದ್ದಾರೆ. ಒಂದು ಮಗುವಿನ ಮೈಗೆ ವಿಕಿರಣವನ್ನು ಅಳೆಯುವ ಯಂತ್ರವನ್ನು ಹಿಡಿಯುತ್ತಾರೆ. ಕಡೆಗೆ ದೈತ್ಯನನ್ನು ಕೊಲ್ಲಬಲ್ಲ ಅಸ್ತ್ರವೊಂದನ್ನು ಕಂಡುಹಿಡಿದ ಡಾಕ್ಟರ್ ಸೆರಿಜಾವಾ, ಆ ಅಸ್ತ್ರ ಇನ್ನೊಬ್ಬರ ಕೈಗೆ ಸಿಕ್ಕಬಾರದೆಂದು ತನ್ನ ಬರಹಗಳನ್ನೆಲ್ಲ ಸುಟ್ಟು, ದೈತ್ಯನೊಡನೆ ತಾನೂ ಸಮುದ್ರದ ತಳದಲ್ಲಿ ಸಾಯುತ್ತಾನೆ. ಈ ಚಿತ್ರದಲ್ಲಿಯೂ ದೈತ್ಯನೆಂದರೆ ರಬ್ಬರಿನ ಉಡುಪಿನೊಳಗಿನ ಮನುಷ್ಯನೇ. ಆದರೆ ಅದನ್ನು ನೋಡುತ್ತ ನಮ್ಮ ಕೊಠಡಿಯಲ್ಲಿ ಒಬ್ಬನೂ ನಗಲಿಲ್ಲ.

ಇಲ್ಲಿ ಒಂದು ವಿಷಯ ಸ್ಪಷ್ಟವಾಗಬೇಕು. 1954ರ ಚಿತ್ರದಲ್ಲಿ ಇದ್ದುದೂ ಉಡುಪೇ, 1973ರ ಚಿತ್ರದಲ್ಲಿ ಇದ್ದುದೂ ಉಡುಪೇ. ಆದ್ದರಿಂದ ‘ಅದರಲ್ಲಿ ಜಂತು ಸುಳ್ಳು ಕಾಣುತ್ತದೆ, ಆದ್ದರಿಂದ ಚಿತ್ರ ಕೆಟ್ಟದ್ದು’ ಎಂಬ ನನ್ನ ಕೆಲವು ಮಿತ್ರರ ವಾದ ನಿಲ್ಲುವುದಿಲ್ಲ.

ಹತ್ತೊಂಬತ್ತು ವರ್ಷಗಳಲ್ಲಿ ನಡೆದದ್ದೇನು? ಜಪಾನಿನಲ್ಲಿ 1958ರಲ್ಲಿ ಮಾರಾಟವಾದ ಸಿನಿಮಾ ಟಿಕೇಟುಗಳು 112 ಕೋಟಿಗೂ ಮೇಲೆ. ಆಮೇಲೆ ಮನೆಮನೆಗೂ ಟೆಲಿವಿಷನ್ ಬಂದಿತು. 1973ರ ಹೊತ್ತಿಗೆ ಟಿಕೇಟುಗಳು 20 ಕೋಟಿಗೂ ಕೆಳಗಿಳಿದಿದ್ದವು. ದೈತ್ಯರ ಸಿನಿಮಾಗಳಿಗೆ ಜೀವ ಕೊಟ್ಟ ತ್ಸುಬುರಾಯಾ ಅವರೇ 1966ರಲ್ಲಿ ಅಲ್ಟ್ರಾಮ್ಯಾನ್ ಎಂಬ ಟೆಲಿವಿಷನ್ ಮಾಲಿಕೆಯನ್ನು ಆರಂಭಿಸಿ, ಮಕ್ಕಳಿಗೆ ವಾರಕ್ಕೊಬ್ಬ ದೈತ್ಯನನ್ನು ಮನೆಯಲ್ಲಿಯೇ ಪುಕ್ಕಟೆಯಾಗಿ ಒದಗಿಸಿದರು. ಅವರು 1970ರ ಜನವರಿಯಲ್ಲಿ ತೀರಿಕೊಂಡರು. ತೊಹೊ ಸಂಸ್ಥೆಯವರು 1969ರ ಕೊನೆಯಿಂದ ಶಾಲೆಯ ರಜಾದಿನಗಳಲ್ಲಿ ಮಕ್ಕಳಿಗಾಗಿಯೇ ಕೆಲವು ಚಿಕ್ಕ ಚಿತ್ರಗಳ ಜೊತೆಗೆ ಗಾಡ್ಜಿಲ್ಲಾನನ್ನು ಕಟ್ಟಿ ತೋರಿಸತೊಡಗಿದರು. ಅಂದರೆ ಸಂತೆಯ ಕೊನೆಯಲ್ಲಿ ಮಿಕ್ಕ ತರಕಾರಿಯನ್ನು ಗುಡ್ಡೆ ಹಾಕಿ ಮಾರಿದ ಹಾಗೆ.

‘ಮೆಗಾಲಾನ್’ ಚಿತ್ರ ಹುಟ್ಟಿದ್ದು ಇಂತಹ ದುರ್ಭಿಕ್ಷದಲ್ಲಿ. ಮಕ್ಕಳಿಂದ ಒಂದು ವೀರಪಾತ್ರದ ಚಿತ್ರ ಬರೆಸಿ ಸ್ಪರ್ಧೆ ನಡೆಸಿದ್ದರು. ಗೆದ್ದ ಬಾಲಕನ ಯಂತ್ರಮಾನವನನ್ನು ತಿದ್ದಿ, ಹೆಸರು ಬದಲಾಯಿಸಿ, ಜೆಟ್ ಜಾಗ್ವಾರನನ್ನಾಗಿ ಮಾಡಿದರು. ಚಿತ್ರೀಕರಣಕ್ಕೆ ಸಿಕ್ಕಿದ ಕಾಲ ಸುಮಾರು ಮೂರು ವಾರ ಮಾತ್ರವೆಂದು ಅದರಲ್ಲಿ ದುಡಿದವರೇ ಹೇಳಿಕೊಂಡಿದ್ದಾರೆ. ನಗರವನ್ನು ಕಟ್ಟಿ ಕೆಡವಲು ಹಣವಿಲ್ಲ. ಆದ್ದರಿಂದ 1968ರ, 1972ರ ಹಳೆಯ ಚಿತ್ರಗಳಿಂದ ವಿಧ್ವಂಸದ ದೃಶ್ಯಗಳನ್ನು ಕತ್ತರಿಸಿ ತಂದು ಅಂಟಿಸಿದರು. ಹೀಗಾಗಿ ಒಂದು ಕ್ಷಣ ಹಗಲು, ಮರುಕ್ಷಣ ರಾತ್ರಿ, ಮತ್ತೆ ಹಗಲು. ಕುಸ್ತಿ ನಡೆಯುವುದು ಬಯಲಿನಲ್ಲಿ ಏಕೆಂದರೆ ಬಯಲಿಗೆ ಖರ್ಚಿಲ್ಲ. ಒಂದೇ ಒಂದು ಅಣೆಕಟ್ಟನ್ನು ಮಾತ್ರ ಹೊಸದಾಗಿ, ಶ್ರದ್ಧೆಯಿಂದ ಮಾಡಿ ಒಡೆದಿದ್ದಾರೆ. ಆ ದೃಶ್ಯ ಬಂದಾಗ ನಮಗೆ ನಗೆ ನಿಂತುಹೋಗುತ್ತದೆ. ಇದ್ದ ನಾಲ್ಕು ಕಾಸನ್ನೂ ಇದಕ್ಕೇ ಸುರಿದಿದ್ದಾರೆಂದು ಯಾರಿಗಾದರೂ ತಿಳಿಯುತ್ತದೆ. ಇಷ್ಟೆಲ್ಲ ಆದರೂ ಜಪಾನಿನಲ್ಲಿ ಚಿತ್ರವನ್ನು ನೋಡಿದವರು 10 ಲಕ್ಷವನ್ನು ಮುಟ್ಟಲಿಲ್ಲ.

ಜಗತ್ತು ಈ ಚಿತ್ರವನ್ನು ನೋಡಿ ನಗಲು ಕಲಿತದ್ದು ಅಮೆರಿಕದಲ್ಲಿ. 1976ರಲ್ಲಿ ಅಲ್ಲಿ ಬಿಡುಗಡೆಯಾದಾಗ ಜಾಹೀರಾತಿನ ಚಿತ್ರದಲ್ಲಿ ದೈತ್ಯರನ್ನು ನ್ಯೂಯಾರ್ಕಿನ ಜೋಡಿ ಗೋಪುರಗಳ ಮೇಲೆ ನಿಲ್ಲಿಸಿದ್ದರು. ಚಿತ್ರದಲ್ಲಿ ನ್ಯೂಯಾರ್ಕಿನ ಸುಳಿವೇ ಇಲ್ಲ! ಆ ವರ್ಷ ಕಿಂಗ್ ಕಾಂಗ್ ಹೊಸದಾಗಿ ಬರುವುದರಲ್ಲಿದ್ದಿತು; ಅದರ ಗಾಳಿಗೆ ತಾವೂ ತೂರಿಕೊಂಡರು. 1977ರಲ್ಲಿ ಅಲ್ಲಿನ ದೊಡ್ಡ ಟೆಲಿವಿಷನ್ ಸಂಸ್ಥೆಯೊಂದು ಚಿತ್ರವನ್ನು ಬಹುಪಾಲು ಅರ್ಧಕ್ಕೇ ಕತ್ತರಿಸಿ, ಹಾಸ್ಯನಟ ಜಾನ್ ಬೆಲೂಷಿಗೆ ಗಾಡ್ಜಿಲ್ಲಾನ ಉಡುಪು ತೊಡಿಸಿ, ನಡುನಡುವೆ ಮಾತನಾಡಿಸಿ ತೋರಿಸಿತು. 1991ರಲ್ಲಿ ಇನ್ನೊಂದು ಕಾರ್ಯಕ್ರಮದಲ್ಲಿ ಒಬ್ಬ ಮನುಷ್ಯನೂ ಎರಡು ಗೊಂಬೆಗಳೂ ತೆರೆಯ ಮುಂದೆ ಕುಳಿತು ಇಡೀ ಚಿತ್ರಕ್ಕೆ ಕುಚೋದ್ಯದ ವ್ಯಾಖ್ಯಾನ ಮಾಡಿದರು. ಅದು ನಿಜವಾಗಿಯೂ ತಮಾಷೆಯಾಗಿದೆ, ನಾನು ಇಲ್ಲವೆನ್ನುವುದಿಲ್ಲ. ಆದರೆ ಅವರು ನಕ್ಕದ್ದು ಯಾವುದನ್ನು ನೋಡಿ? ಬಣ್ಣ ಮಾಸಿದ ಪ್ರತಿ, ತುಟಿಗೂ ಮಾತಿಗೂ ಹೊಂದದ ಇಂಗ್ಲಿಷು. ಹಾಳು ಮಾಡಿದವರು ಒಬ್ಬರು, ನಗೆಪಾಟಲಾದವರು ಇನ್ನೊಬ್ಬರು.

ಇನ್ನು ನನ್ನ ಸ್ವಂತ ವಿಷಯ. ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ತಿಂಗಳು ಯೋಚಿಸಿದ್ದೇನೆ.

ನಮ್ಮ ತಂದೆಯವರು ಕೂಲಿ ಮಾಡುವವರು. ಸುಗ್ಗಿ ಮುಗಿದ ಮೇಲೆ ಊರಿನ ಮೂಡಲಪಾಯದ ಬಯಲಾಟದಲ್ಲಿ ವೇಷ ಕಟ್ಟುತ್ತಾರೆ. ಅವರದು ಯಾವಾಗಲೂ ರಾಕ್ಷಸನ ವೇಷ. ನಾನು ಎರಡನೆಯ ಬಿ.ಎ.ಯಲ್ಲಿದ್ದಾಗ ಒಂದು ರಾತ್ರಿ, ಹಾಸ್ಟೆಲಿನಲ್ಲಿ ಯಾರದೋ ಮೊಬೈಲಿಗೆ ಒಂದು ಆಟದ ವಿಡಿಯೊ ಬಂದಿತು. ರಾಕ್ಷಸನು ಅಬ್ಬರಿಸಿ ರಂಗಕ್ಕೆ ಬರುತ್ತಾನೆ. ಬರುತ್ತಿದ್ದಂತೆಯೇ ಭುಜಕೀರ್ತಿಯೊಂದು ಕಳಚಿ ಬೀಳುತ್ತದೆ. ಒಂದು ಕೈಯಿಂದ ಅದನ್ನು ಒತ್ತಿ ಹಿಡಿದುಕೊಂಡೇ ಕುಣಿಯುತ್ತಾನೆ. ಕೊಠಡಿಯಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ಮತ್ತೆ ಮತ್ತೆ ಹಾಕಿ ನಕ್ಕರು. ಆ ರಾಕ್ಷಸ ನಮ್ಮಪ್ಪ. ನಾನು ಹೇಳಲಿಲ್ಲ. ಹೇಳಲಿಲ್ಲವೆನ್ನುವುದೂ ಪೂರ್ತಿ ಸತ್ಯವಲ್ಲ. ನಾನೂ ನಕ್ಕೆ, ಪಕ್ಕದವನಿಗಿಂತ ಸ್ವಲ್ಪ ಜೋರಾಗಿಯೇ ನಕ್ಕೆ. ಆ ಮಿತ್ರರ ಮೇಲೆ ನನಗೆ ಕೋಪವಿಲ್ಲ. ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವನು ನಾನು.

ಕಳೆದ ದಸರಾ ರಜೆಯಲ್ಲಿ ಊರಿಗೆ ಹೋದಾಗ ಮಳೆ ಹಿಡಿದು ಕೂಲಿಯೂ ಇರಲಿಲ್ಲ, ಮಾಡಲು ಬೇರೆ ಕೆಲಸವೂ ಇರಲಿಲ್ಲ. ಅಪ್ಪನಿಗೆ ಮೊಬೈಲಿನಲ್ಲಿ ‘ಮೆಗಾಲಾನ್’ ಹಾಕಿ ತೋರಿಸಿದೆ. ಮಾತು ತಿಳಿಯದ್ದರಿಂದ ಕಥೆಯನ್ನು ನಾನು ಹೇಳುತ್ತ ಹೋದೆ. ನಾವು ಹಾಸ್ಟೆಲಿನಲ್ಲಿ ನಗುವ ಕಡೆಗಳಲ್ಲೆಲ್ಲ ನಾನು ನಕ್ಕೆ. ಅಪ್ಪ ನಗಲಿಲ್ಲ. ಬಹಳ ಹೊತ್ತು ಸುಮ್ಮನೆ ನೋಡುತ್ತಿದ್ದು,

“ಆ ಚರ್ಮದೊಳಗೆ ಇರಾನು ಉಸ್ರು ಹೆಂಗ್ಲಾ ಬಿಡ್ತಾನೆ?” ಎಂದರು.

ನನಗೆ ಮಾತು ಹೊರಡಲಿಲ್ಲ. ಗೊತ್ತಿದ್ದುದನ್ನು ಹೇಳಿದೆ. ಮೊದಲನೆಯ ಚಿತ್ರದ ಉಡುಪು ಸುಮಾರು ನೂರು ಕಿಲೋ ತೂಕವಿತ್ತಂತೆ. ದೀಪಗಳ ಕಾವಿಗೆ ಒಳಗೆ ಬೆಂದುಹೋಗುವಂತಾಗುತ್ತಿತ್ತಂತೆ. ಹರುವೊ ನಕಜಿಮಾ ಎಂಬ ನಟ 1954ರಿಂದ 1972ರವರೆಗೂ ಅದನ್ನು ಹೊತ್ತನಂತೆ. ಉಡುಪು ಕಳಚಿದ ಮೇಲೆ ಒಳಗಿನಿಂದ ಬೆವರನ್ನು ಸುರಿಯುತ್ತಿದ್ದರಂತೆ. ಈ ಚಿತ್ರದಲ್ಲಿ ಮಾತ್ರ ಅವನಲ್ಲ, ಶಿಂಜಿ ತಕಾಗಿ ಎಂಬ ಬೇರೆಯವನು ಎಂದೆ.

“ಹದಿನೆಂಟು ವರ್ಸವಾ!” ಎಂದರು ಅಪ್ಪ. “ಎದ್ರಿಗಿರೋದು ಕಾಣ್ತದಾ ಅವ್ನಿಗೆ?”

“ಸರಿಯಾಗಿ ಕಾಣಲ್ಲಪ್ಪ.”

“ಕಾಣಾಕಿಲ್ಲ. ನನಗೂ ಕಿರೀಟ ಕಟ್ಟಿದ್ಮೇಲೆ ಪಕ್ಕದೋನು ಕಾಣಾಕಿಲ್ಲ. ಮದ್ದಳೆ ಕೇಳ್ಕಂಡೇ ತಿರುಗ್ಬೇಕು.”

ಹಳೆಯ ಚಿತ್ರಗಳ ತುಂಡುಗಳನ್ನು ಅಂಟಿಸಿರುವುದನ್ನು ಹೇಳಿದಾಗ ಅವರಿಗೆ ಅದರಲ್ಲಿ ಆಶ್ಚರ್ಯವೇ ಕಾಣಲಿಲ್ಲ. “ದುಡ್ಡಿಲ್ದಾಗ ಇನ್ನೇನ್ ಮಾಡ್ತಾರೆ? ನಾವೂ ಹೋದೊರ್ಸದ ಕಿರೀಟಕ್ಕೇ ಬೇಗಡೆ ಮೆತ್ತಾಕಿಲ್ವಾ” ಎಂದರು. ಆ ಮೇಲೆ ಬಾಲದ ಮೇಲೆ ಜಾರಿಬಂದು ಒದೆಯುವ ದೃಶ್ಯ ಬಂದಿತು. ಅಪ್ಪ ನಕ್ಕ ನಗೆಗೆ ಒಳಗಿದ್ದ ಅವ್ವ ಒಲೆ ಬಿಟ್ಟು ಓಡಿಬಂದರು. ಕೆಮ್ಮು ಬರುವವರೆಗೂ ನಕ್ಕರು. ಇನ್ನೊಂದು ಸಾರಿ ಹಾಕು ಎಂದರು. ಹಾಕಿದೆ. “ಇದ ನಮ್ ಆಟಕ್ಕೆ ತಂದ್ರೆ ಜನ ಏಳಾಕಿಲ್ಲ ಕಣ್ಲಾ ಮಗಾ” ಎಂದರು.

ಒಂದೇ ದೃಶ್ಯ, ಹಾಸ್ಟೆಲಿನಲ್ಲಿಯೂ ನಗೆ, ನಮ್ಮ ಮನೆಯ ಜಗಲಿಯಲ್ಲಿಯೂ ನಗೆ. ಎರಡೂ ಒಂದೇ ಅಲ್ಲವೆಂದು ನನಗೆ ಅಂದು ಅನ್ನಿಸಿತು. ನಾವು ನಗುವುದು, ಇಷ್ಟು ದಡ್ಡರೂ ಇದ್ದಾರೆಯೇ ಎಂದು. ಅಪ್ಪ ನಕ್ಕದ್ದು, ಅಷ್ಟು ಭಾರವನ್ನು ಹೊತ್ತೂ ಇದನ್ನು ಮಾಡಿದನಲ್ಲ ಭೂಪ ಎಂದು. ನಾನು ಈ ಕಾಲೇಜಿಗೆ ಬಂದು ಕಲಿತ ವಿದ್ಯೆಯಲ್ಲಿ ಮೊದಲನೆಯ ಬಗೆಯ ನಗೆಯೂ ಒಂದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಏನೇನು ಕಲಿಯಬೇಕು, ಏನನ್ನು ಬಿಡಬೇಕು ಎಂದು ಹೇಳಿಕೊಡುವವರು ಮನೆಯಲ್ಲಿರಲಿಲ್ಲ. ಆದ್ದರಿಂದ ಸಿಕ್ಕಿದ್ದನ್ನೆಲ್ಲ ಕಲಿತೆ.

ಹಾಗೆಂದು ಅಪ್ಪನ ತೀರ್ಪೇ ಕೊನೆಯ ತೀರ್ಪೆಂದು ಹೇಳಿ ಕಣ್ಣೀರು ತರಿಸುವ ಉದ್ದೇಶ ನನ್ನದಲ್ಲ. ಬಡತನದ ಹೆಸರಿನಲ್ಲಿ ಎಲ್ಲವನ್ನೂ ಕ್ಷಮಿಸಿಬಿಟ್ಟರೆ ವಿಮರ್ಶೆಗೆ ಕೆಲಸವೇ ಇರುವುದಿಲ್ಲ. ಉಡುಪು ಹಳೆಯದು, ಹಣವಿರಲಿಲ್ಲ, ಕಾಲವಿರಲಿಲ್ಲ: ಇವು ಯಾವುವೂ ಅಪರಾಧಗಳಲ್ಲ. ಆದರೆ ಈ ಚಿತ್ರದಲ್ಲಿ ಒಂದು ಅಪರಾಧವಿದೆ. ಅದಕ್ಕೂ ಹಣಕ್ಕೂ ಸಂಬಂಧವಿಲ್ಲ. ನಗುವವರಲ್ಲಿ ಯಾರೂ ಅದನ್ನು ಎತ್ತಿ ತೋರಿಸಿದ್ದನ್ನು ನಾನು ಕಂಡಿಲ್ಲ.

ಸೀಟೋಪಿಯಾದವರ ದೂರು ನ್ಯಾಯವಾದದ್ದು. ಅವರು ಯಾರ ತಂಟೆಗೂ ಬಂದವರಲ್ಲ. ಮೇಲಿನವರು ನೆಲದಡಿಯಲ್ಲಿ ಬಾಂಬು ಸಿಡಿಸಿದರು. ಕೆಳಗಿನವರ ಮನೆಗಳು ಬಿದ್ದವು. ಇದು ಬರಿಯ ಕಟ್ಟುಕಥೆಯೂ ಅಲ್ಲ. 1971ರ ನವೆಂಬರಿನಲ್ಲಿ ಅಮೆರಿಕದವರು ಅಲೂಷಿಯನ್ ದ್ವೀಪಗಳ ಪೈಕಿ ಆಮ್ಚಿಟ್ಕಾ ಎಂಬಲ್ಲಿ ನೆಲದಡಿಯಲ್ಲಿ ಸುಮಾರು 5 ಮೆಗಾಟನ್ ಶಕ್ತಿಯ ಬಾಂಬನ್ನು ಸಿಡಿಸಿದ್ದರು. ಭೂಕಂಪವಾದೀತು, ಸಮುದ್ರ ಉಕ್ಕೀತು ಎಂದು ಸುತ್ತಲ ದೇಶಗಳ ಜನ ಹೆದರಿದ್ದರು. ಅದನ್ನು ತಡೆಯಲು ಕೆನಡದಿಂದ ಒಂದು ಚಿಕ್ಕ ಹಡಗಿನಲ್ಲಿ ಹೊರಟವರಿಂದಲೇ ಗ್ರೀನ್‌ಪೀಸ್ ಸಂಸ್ಥೆ ಹುಟ್ಟಿದ್ದು. ಚಿತ್ರವಾದರೋ ಅದಾದ ಎರಡು ವರ್ಷದೊಳಗೆ ಬಂದದ್ದು. ನೋಡುವವರಿಗೆ ಅದು ಹಸಿಯಾದ ನೆನಪು. ಹೋಂಡಾ ಅವರ ಕೈಗೆ ಈ ವಸ್ತು ಸಿಕ್ಕಿದ್ದರೆ, ಮೆಗಾಲಾನನು ಒದೆ ತಿಂದು ಬಿದ್ದಾಗ ನಾವು ಯಾರ ಪರ ಎಂದು ನಮಗೇ ಗೊಂದಲವಾಗುವಂತೆ ಮಾಡಿರುತ್ತಿದ್ದರು. ಫುಕುದಾ ಅವರ ಚಿತ್ರ ಆ ದೂರನ್ನು ಮೊದಲ ಹತ್ತು ನಿಮಿಷದಲ್ಲಿ ಎತ್ತುತ್ತದೆ, ಆಮೇಲೆ ಅದನ್ನು ಒಂದು ಮೂಲೆಗೆ ಎಸೆದು ಕುಸ್ತಿಗೆ ಹೋಗುತ್ತದೆ. ಕೊನೆಯಲ್ಲಿ ಮೆಗಾಲಾನ್ ಮತ್ತೆ ನೆಲದೊಳಗೆ ಹೊಕ್ಕುಬಿಡುತ್ತಾನೆ, ಗಾಡ್ಜಿಲ್ಲಾ ಯಂತ್ರಮಾನವನ ಕೈ ಕುಲುಕುತ್ತಾನೆ, ಹುಡುಗ ಕೈ ಬೀಸುತ್ತಾನೆ, ಯಂತ್ರಮಾನವನ ಹೆಸರಿನ ಹಾಡು ಮೊಳಗುತ್ತದೆ. ಕೆಳಗೆ ಮನೆ ಕಳೆದುಕೊಂಡವರು ಏನಾದರು? ಬಾಂಬು ಸಿಡಿಸಿದವರು ಯಾರು? ಅವರಿಗೆ ಒಂದು ಒದೆಯೂ ಬೀಳಲಿಲ್ಲ.

ಐದು ನಿಮಿಷದ ಎರಡು ಸಂಭಾಷಣೆಗಳಿಂದ ಇದನ್ನು ಸರಿಪಡಿಸಬಹುದಾಗಿತ್ತು. ಅದಕ್ಕೆ ಹೊಸ ಉಡುಪೂ ಬೇಡ, ಹೊಸ ಅಣೆಕಟ್ಟೂ ಬೇಡ. ಮಕ್ಕಳ ಚಿತ್ರವೆಂಬ ಸಮಾಧಾನವೂ ಇಲ್ಲಿ ಸಲ್ಲುವುದಿಲ್ಲ. ಎರಡೇ ವರ್ಷ ಹಿಂದೆ, 1971ರಲ್ಲಿ, ಅದೇ ಸಂಸ್ಥೆಯವರು ಅದೇ ಮಕ್ಕಳಿಗಾಗಿ ಕಾರ್ಖಾನೆಗಳ ಕೊಳಕಿನಿಂದ ಹುಟ್ಟಿದ ಹೆಡೋರಾ ಎಂಬ ದೈತ್ಯನ ಚಿತ್ರವನ್ನು ಮಾಡಿದ್ದರು. ಅದೂ ಸೊಟ್ಟಪಟ್ಟವಾದ ಚಿತ್ರವೇ, ಆದರೆ ಅದಕ್ಕೆ ತಾನು ಯಾರ ಮೇಲೆ ಕೋಪಗೊಂಡಿದ್ದೇನೆಂಬುದು ಕೊನೆಯವರೆಗೂ ನೆನಪಿದೆ. ಆದ್ದರಿಂದ ‘ಮೆಗಾಲಾನ್’ ಕೆಟ್ಟದ್ದೆಂದು ಹೇಳುವವರೊಡನೆ ನನಗೆ ಜಗಳವಿಲ್ಲ. ರಬ್ಬರನ್ನು ನೋಡಿ ಹೇಳಬೇಡಿ, ಈ ಮರೆವನ್ನು ನೋಡಿ ಹೇಳಿ ಎಂಬುದಷ್ಟೇ ನನ್ನ ವಿನಂತಿ.

ಇನ್ನೊಂದು ಗುಂಪಿನವರಿದ್ದಾರೆ, ಇಂತಹ ಮುಂದುವರಿಕೆಗಳು ಮೂಲಕ್ಕೆ ಮಾಡಿದ ದ್ರೋಹ, ಇವನ್ನು ಸುಟ್ಟುಬಿಡಬೇಕು ಎನ್ನುವವರು. ಅವರಿಗೂ ನಾನು ಒಪ್ಪಲಾರೆ. ಹದಿಮೂರನೆಯದು ಬಂದಿತೆಂದು ಮೊದಲನೆಯದರ ಒಂದು ಕೂದಲೂ ಕೊಂಕಲಿಲ್ಲ. ತಕಾಶಿ ಯಮಜಾಕಿ ಅವರು 2023ರಲ್ಲಿ ಯುದ್ಧಾನಂತರದ ಜಪಾನಿನ ದುಃಖಕ್ಕೇ ಹಿಂದಿರುಗಿ ಹೊಸ ಗಾಡ್ಜಿಲ್ಲಾ ಚಿತ್ರವನ್ನು ಮಾಡಿದರು. 2024ರಲ್ಲಿ ಅದಕ್ಕೆ ವಿಶೇಷ ದೃಶ್ಯಗಳಿಗಾಗಿ ಆಸ್ಕರ್ ಪ್ರಶಸ್ತಿಯೂ ಬಂದಿತು. ನಡುವೆ ಇಂತಹ ಬಡ ವರ್ಷಗಳಲ್ಲಿ ಯಾರೋ ಹಳೆಯ ಕಿರೀಟಕ್ಕೆ ಬೇಗಡೆ ಮೆತ್ತಿ ಆಟವನ್ನು ನಿಲ್ಲಿಸದೆ ನಡೆಸಿಕೊಂಡು ಬಂದದ್ದರಿಂದಲೇ ಆ ಹೆಸರು ಅಲ್ಲಿಯ ಜನದ ಬಾಯಲ್ಲಿ ಉಳಿಯಿತೆಂದು ನಾನು ನಂಬುತ್ತೇನೆ. ಜೆಟ್ ಜಾಗ್ವಾರನೂ ಸತ್ತಿಲ್ಲ. 2021ರ ಒಂದು ಜಪಾನೀ ಕಾರ್ಟೂನ್ ಮಾಲಿಕೆಯಲ್ಲಿ ಮತ್ತೆ ಕಾಣಿಸಿಕೊಂಡಿದ್ದಾನೆ. ಒಬ್ಬ ಶಾಲಾ ಬಾಲಕನ ಬಣ್ಣದ ಪೆನ್ಸಿಲಿನಿಂದ ಹುಟ್ಟಿದ ಗೊಂಬೆಗೆ ಇಷ್ಟು ಆಯುಸ್ಸು ಕಡಿಮೆಯಲ್ಲ.

ಈ ಲೇಖನವನ್ನು ಕೈಬರಹದಲ್ಲಿದ್ದಾಗಲೇ ನಮ್ಮ ಇತಿಹಾಸದ ಮೇಷ್ಟರೊಬ್ಬರಿಗೆ ತೋರಿಸಿದೆ. ಅವರು ಪೂರ್ತಿ ಓದಿ, ಬಯಲಾಟದ ಭಾಗದ ಬಳಿ ಪೆನ್ಸಿಲಿನಿಂದ ಒಂದು ಗೆರೆ ಎಳೆದು, ಏನೂ ಹೇಳದೆ ಹಿಂದಿರುಗಿಸಿದರು. ಆಮೇಲೆ ಕಾರಿಡಾರಿನಲ್ಲಿ ನಿಲ್ಲಿಸಿ, “ಆ ಮೊದಲನೆಯದನ್ನು ನಮ್ಮ ಸಂಘದಲ್ಲಿ ಯಾಕಯ್ಯ ಹಾಕಬಾರದು? ಹಿರೊಶಿಮಾ ಪಾಠ ಆದ ಮೇಲೆ ಹಾಕೋಣ” ಎಂದರು. ಎರಡನ್ನೂ ಹಾಕೋಣ ಸಾರ್, ಶುಕ್ರವಾರ 1954ರದು, ಶನಿವಾರ 1973ರದು ಎಂದೆ. ಶನಿವಾರದ್ದಕ್ಕೆ ಪ್ರಿನ್ಸಿಪಾಲರ ಅನುಮತಿ ಸಿಗುವುದು ಕಷ್ಟ ಎಂದು ನಕ್ಕರು.

ಅರ್ಜಿ ಬರೆದು ಕೊಟ್ಟಿದ್ದೇನೆ. ಸೆಮಿನಾರ್ ಹಾಲಿನ ಪ್ರೊಜೆಕ್ಟರಿನ ದೀಪ ಸುಟ್ಟುಹೋಗಿದೆ, ಹೊಸದು ಬರಬೇಕು ಎಂದು ಕಛೇರಿಯಲ್ಲಿ ಹೇಳಿದ್ದಾರೆ. ಬಂದರೆ, ಶನಿವಾರದ ದಿನ ಊರಿನಿಂದ ಅಪ್ಪನನ್ನು ಕರೆದುಕೊಂಡು ಬರಬೇಕೆಂದಿದ್ದೇನೆ. ಅವರು ಈ ಕಾಲೇಜನ್ನು ಇನ್ನೂ ಒಳಗಿನಿಂದ ನೋಡಿಲ್ಲ. ಹಾಸ್ಟೆಲಿನ ಮಿತ್ರರು ಮುಂದಿನ ಸಾಲಿನಲ್ಲಿ ಎರಡು ಕುರ್ಚಿ ಬಿಡಬೇಕಾಗಿ ಪ್ರಾರ್ಥನೆ.